ಜಠರದ ಶಸ್ತ್ರಕ್ರಿಯೆಯೂ ಪಾನದ ಅಳತೆಯೂ: ಮಂಗಳೂರಿನ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

ಸ್ಥೂಲಕಾಯವನ್ನು ತಗ್ಗಿಸುವ ಸಲುವಾಗಿ ಜಠರದ ಮೇಲೆ ಮಾಡುವ ಶಸ್ತ್ರಕ್ರಿಯೆಯು ಇಂದು ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಈ ಚಿಕಿತ್ಸೆಯಿಂದ ಮಧುಮೇಹ, ರಕ್ತದೊತ್ತಡ ಮೊದಲಾದ ವ್ಯಾಧಿಗಳು ಹತೋಟಿಗೆ ಬರುತ್ತವೆಂಬುದೂ ಆಯುಸ್ಸು ವೃದ್ಧಿಸುತ್ತದೆಂಬುದೂ ನಿರ್ವಿವಾದವಾಗಿ ಸಿದ್ಧಪಟ್ಟಿದೆ. ಸ್ವೀಡನ್ ದೇಶದಲ್ಲಿ ದೀರ್ಘಕಾಲ ನಡೆದು ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಬಲವಾದ ಆಧಾರವನ್ನು ಒದಗಿಸಿತು. ಆದರೆ ಇದೇ ರೋಗಿಗಳಲ್ಲಿ ಕೆಲವರು, ಮೈಭಾರ ಇಳಿದು ನೆಮ್ಮದಿಯಿಂದಿರಬೇಕಾದ ಕಾಲದಲ್ಲಿ, ಮದ್ಯಕ್ಕೋ ಮತ್ತೊಂದು ಮಾದಕ ವಸ್ತುವಿಗೋ ವಶರಾಗುವುದುಂಟೆಂಬ ಸಂಗತಿಯು ಕಳೆದ ಎರಡು ದಶಕಗಳಲ್ಲಿ ವೈದ್ಯಲೋಕದ ಗಮನವನ್ನು ಸೆಳೆದಿದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮಾಧಾನವು ಸರಳವಾದುದು: ಊಟದ ಚಪಲಕ್ಕೆ ದಾರಿ ಮುಚ್ಚಿತು, ಅದು ಕುಡಿತದ ಚಪಲವಾಗಿ ಹೊರಬಿದ್ದಿತು. ಈ ಮತವನ್ನು ನಾವು ಇಲ್ಲಿ ‘ವ್ಯಸನಾಂತರವಾದ’ ಎಂದು ಕರೆಯುತ್ತೇವೆ.

ವೈದ್ಯಕೀಯಕ್ಕೆ ಸೇರಿದ ಈ ವಿಷಯದಲ್ಲಿ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಏನು ಕೆಲಸ ಎಂದು ಕೇಳಬಹುದು. ಇಲ್ಲಿ ಎರಡು ಚರಿತ್ರೆಗಳು ಸಂಧಿಸುತ್ತವೆ ಎಂಬುದೇ ನಮ್ಮ ಉತ್ತರ. ಒಂದು, ಜಠರದ ಶಸ್ತ್ರಕ್ರಿಯೆಯ ಚರಿತ್ರೆ. ಇನ್ನೊಂದು, ದಕ್ಷಿಣ ಕನ್ನಡ ಜಿಲ್ಲೆಯು ಪಾನವನ್ನು ಅಳೆದು ತೂಗಿದ ಚರಿತ್ರೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ವ್ಯಸನಾಂತರವಾದವು ಅರ್ಧಸತ್ಯವೆಂದೂ, ಅದರಿಂದ ರೋಗಿಯ ಶೀಲಕ್ಕೆ ಅನ್ಯಾಯವಾದ ಕಳಂಕ ಅಂಟುತ್ತದೆಂದೂ, ಅವನಿಗೆ ಸಲ್ಲಬೇಕಾದ ಎಚ್ಚರಿಕೆಯು ಸಲ್ಲದೆ ಹೋಗುತ್ತದೆಂದೂ ತಿಳಿದುಬರುತ್ತದೆ. ಇದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೧. ಶಸ್ತ್ರಕ್ರಿಯೆಯ ವಂಶಾವಳಿ

ಜಠರದ ಒಂದು ಭಾಗವನ್ನು ಕತ್ತರಿಸಿ ತೆಗೆದು ಉಳಿದುದನ್ನು ಕರುಳಿಗೆ ಜೋಡಿಸುವ ಕ್ರಮವನ್ನು ಯಶಸ್ವಿಯಾಗಿ ಮಾಡಿ ತೋರಿಸಿದವನು ವಿಯೆನ್ನಾ ನಗರದ ಥಿಯೋಡರ್ ಬಿಲ್‌ರೋತ್, ಅದು ೧೮೮೧ರಲ್ಲಿ. ಅರ್ಬುದಕ್ಕಾಗಿ ಹುಟ್ಟಿದ ಈ ಕ್ರಮವು ಮುಂದಿನ ಎಂಬತ್ತು ವರ್ಷಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದುದು ಜಠರ ಮತ್ತು ಕರುಳಿನ ಹುಣ್ಣುಗಳಿಗೆ. ದಕ್ಷಿಣ ಭಾರತವು ಕರುಳುಹುಣ್ಣಿಗೆ ಹೆಸರಾದ ಪ್ರದೇಶವಾಗಿದ್ದಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೫೧ರಿಂದ ೧೯೬೭ರವರೆಗೆ ಶಸ್ತ್ರವೈದ್ಯರಾಗಿದ್ದ ಫ್ರ್ಯಾಂಕ್ ಟೋವಿ ಅವರು ಈ ರೋಗದ ಪ್ರಾದೇಶಿಕ ಹಂಚಿಕೆಯನ್ನು ಕುರಿತು ದೀರ್ಘಕಾಲ ಪರಿಶೀಲನೆ ನಡೆಸಿದರು. ಅಕ್ಕಿಯನ್ನು ಪ್ರಧಾನವಾಗಿ ಉಣ್ಣುವ ಸೀಮೆಗಳಲ್ಲಿ ಹುಣ್ಣು ಹೆಚ್ಚು. ಗೋದಿ ಮತ್ತು ಕಿರುಧಾನ್ಯಗಳನ್ನು ಉಣ್ಣುವ ಸೀಮೆಗಳಲ್ಲಿ ಕಡಮೆ ಎಂಬುದು ಅವರ ಬರಹಗಳ ಸಾರ. ಆಮ್ಲವನ್ನು ತಡೆಯುವ ಸಮರ್ಥವಾದ ಔಷಧಗಳು ೧೯೭೦ರ ದಶಕದಲ್ಲಿ ಬಂದುವು. ಹುಣ್ಣಿಗೆ ಸೂಕ್ಷ್ಮಾಣುಜೀವಿಯೊಂದು ಮುಖ್ಯ ಕಾರಣವೆಂದು ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ೧೯೮೦ರ ದಶಕದಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗೆ ಅತಿಯಾಗಿ ಬಲಿತ ಹುಣ್ಣಿಗೆ ಕತ್ತಿಯೇ ಮದ್ದಾಗಿದ್ದಿತು. ಆದುದರಿಂದ ಜಠರವು ಮೊಟಕಾದ ಮನುಷ್ಯನು ನಮ್ಮ ನಾಡಿಗೆ ಹೊಸಬನಲ್ಲ ಎಂಬುದನ್ನು ಮೊದಲು ಗಮನಿಸಬೇಕು.

ಹುಣ್ಣಿನ ಶಸ್ತ್ರಕ್ರಿಯೆಗೆ ಒಳಗಾದವರಲ್ಲಿ ವೈದ್ಯರು ಎರಡು ಸಂಗತಿಗಳನ್ನು ಕಂಡಿದ್ದರು. ಮೊದಲನೆಯದು, ಅನೇಕರು ಮತ್ತೆ ಮೈತುಂಬಿಕೊಳ್ಳದೆ ಬಡಕಲಾಗಿಯೇ ಉಳಿಯುತ್ತಿದ್ದುದು. ಎರಡನೆಯದು, ಕುಡಿದ ಮದ್ಯವು ಇಂಥವರ ರಕ್ತಕ್ಕೆ ಇತರರಿಗಿಂತ ಬೇಗನೆ ಏರುತ್ತಿದ್ದುದು. ಈ ಎರಡನೆಯ ಸಂಗತಿಯನ್ನು ೧೯೬೦ರ ದಶಕದ ವೇಳೆಗೆ ಪ್ರಯೋಗಗಳಿಂದ ಅಳೆದು ನೋಡಿದ್ದರು. ಆದರೆ ಮೊದಲನೆಯ ಸಂಗತಿಗೆ ಒದಗಿದ ಭಾಗ್ಯವು ಎರಡನೆಯದಕ್ಕೆ ಒದಗಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್, ಹುಣ್ಣಿಗಾಗಿ ಜಠರ ಕತ್ತರಿಸಿಕೊಂಡ ಹೆಂಗಸರು ಕೃಶರಾಗಿಯೇ ಉಳಿಯುವುದನ್ನು ಕಂಡು, ಹುಣ್ಣಿನವರಿಗೆ ಕೇಡಾದುದು ಸ್ಥೂಲಕಾಯರಿಗೆ ಚಿಕಿತ್ಸೆಯೇ ಏಕಾಗಬಾರದು ಎಂದು ಯೋಚಿಸಿದನು. ಅದರ ಫಲವಾಗಿ ೧೯೬೬ರಲ್ಲಿ ಜಠರದ ಬಹುಭಾಗವನ್ನು ಬದಿಗಿರಿಸಿ, ಮೇಲ್ಭಾಗದ ಪುಟ್ಟ ಚೀಲವೊಂದನ್ನು ಮಾತ್ರ ಸಣ್ಣಕರುಳಿಗೆ ಜೋಡಿಸುವ ‘ಬೈಪಾಸ್’ ಕ್ರಮವು ಹುಟ್ಟಿತು. ಇದಕ್ಕೆ ಮೊದಲು, ೧೯೫೪ರಲ್ಲಿ, ಮಿನ್ನೆಸೋಟದ ಕ್ರೆಮೆನ್ ಮತ್ತು ಲಿನ್ನರ್ ಸಣ್ಣಕರುಳಿನ ಬಹುಭಾಗವನ್ನು ತಪ್ಪಿಸುವ ಇನ್ನೊಂದು ಮಾರ್ಗವನ್ನು ವರ್ಣಿಸಿದ್ದರು. ಯಕೃತ್ತಿನ ಹಾನಿ, ಮೂತ್ರಪಿಂಡದ ಕಲ್ಲು ಮೊದಲಾದ ಉಪದ್ರವಗಳಿಂದಾಗಿ ಅದು ಬಳಕೆ ತಪ್ಪಿತು.

ಹೀಗೆ ಸ್ಥೂಲಕಾಯದ ಶಸ್ತ್ರಕ್ರಿಯೆಯು ಹುಣ್ಣಿನ ಶಸ್ತ್ರಕ್ರಿಯೆಯ ಮಗಳು. ತಾಯಿಯ ಎರಡು ಗುಣಗಳೂ ಮಗಳಿಗೆ ಬಂದಿದ್ದುವು. ಒಂದನ್ನು ಎಲ್ಲರೂ ಕೊಂಡಾಡಿದರು, ಇನ್ನೊಂದನ್ನು ಮರೆತರು. ೧೯೯೪ರಲ್ಲಿ ಕ್ಯಾಲಿಫೋರ್ನಿಯದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್, ಹೊಟ್ಟೆಯನ್ನು ಸೀಳದೆ ದರ್ಶಕನಳಿಗೆಯ ಸಹಾಯದಿಂದ ಬೈಪಾಸ್ ಮಾಡಿದ ವರದಿಯನ್ನು ಪ್ರಕಟಿಸಿದ ಬಳಿಕ ಈ ಚಿಕಿತ್ಸೆಯು ವೇಗವಾಗಿ ಹರಡಿತು. ಜಠರವನ್ನು ಉದ್ದಕ್ಕೆ ಕತ್ತರಿಸಿ ಅಂಗಿಯ ತೋಳಿನಾಕಾರಕ್ಕೆ ಇಳಿಸುವ ‘ಸ್ಲೀವ್’ ಕ್ರಮವು ಅನಂತರ ಬಂದು ೨೦೧೦ರ ದಶಕದಲ್ಲಿ ಪ್ರಪಂಚದಲ್ಲಿ ಅತ್ಯಧಿಕವಾಗಿ ನಡೆಯುವ ಕ್ರಮವಾಯಿತು.

ಯಾರಿಗೆ ಚಿಕಿತ್ಸೆ ಮಾಡಬಹುದು ಎಂಬ ಗೆರೆಯೂ ಸಡಿಲವಾಗುತ್ತ ಬಂದಿತು. ಕಿಲೋಗ್ರಾಂನಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ದೇಹಾಂಕವು ೪೦ ಇದ್ದರೆ, ಅಥವಾ ಬೇರೆ ವ್ಯಾಧಿಗಳೊಡನೆ ೩೫ ಇದ್ದರೆ, ಶಸ್ತ್ರಕ್ರಿಯೆ ಯುಕ್ತವೆಂದು ೧೯೯೧ರ ಅಮೆರಿಕದ ತಜ್ಞಸಭೆ ಹೇಳಿತು. ೨೦೨೨ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಏಷ್ಯದ ಜನರಿಗೆ ೨೭.೫ನ್ನು ಮೀರಿದಾಗಲೇ ಅದನ್ನು ಒದಗಿಸಬಹುದೆಂದು ಸೂಚಿಸಿದುವು. ೧೬೦ ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ ಹಳೆಯ ಗೆರೆಯು ಸುಮಾರು ೧೦೨ ಕಿಲೋ. ಹೊಸ ಗೆರೆಯು ಸುಮಾರು ೭೦ ಕಿಲೋ. ಕರ್ನಾಟಕದಲ್ಲಿ ದೇಹಾಂಕ ೨೫ ಅಥವಾ ಅದಕ್ಕಿಂತ ಹೆಚ್ಚಿರುವ ಹೆಂಗಸರು ೨೦೧೫-೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡ ೨೩ರಷ್ಟಿದ್ದು, ೨೦೧೯-೨೧ರ ಸಮೀಕ್ಷೆಯಲ್ಲಿ ಶೇಕಡ ೩೦ರಷ್ಟಾದರು. ಇನ್ನು ಮುಂದೆ ಈ ಚಿಕಿತ್ಸೆಯು ಎಷ್ಟು ಮನೆಗಳನ್ನು ಮುಟ್ಟಬಹುದೆಂಬುದನ್ನು ಇದರಿಂದ ಊಹಿಸಬಹುದು.

೨. ಮರೆತ ಸಂಗತಿ ಮರಳಿ ಬಂದುದು

ಭಾರವಿಳಿಸುವ ಶಸ್ತ್ರಕ್ರಿಯೆಯ ಅನಂತರ ಕುಡಿತಕ್ಕೆ ಬಿದ್ದವರ ಕಥೆಗಳು ೨೦೦೬ರ ಸುಮಾರಿಗೆ ಅಮೆರಿಕದ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಪ್ರಚಾರ ಪಡೆದುವು. ವ್ಯಸನಾಂತರವಾದವು ಜನಪ್ರಿಯವಾದುದು ಆಗಲೇ. ಕಥೆಗಳನ್ನು ಬಿಟ್ಟು ಎಣಿಕೆಗೆ ಬಂದ ಮುಖ್ಯ ಅಧ್ಯಯನವು ವೆಂಡಿ ಕಿಂಗ್ ಮತ್ತು ಸಂಗಡಿಗರದು. ಅವರು ಅಮೆರಿಕದ ಹತ್ತು ಆಸ್ಪತ್ರೆಗಳ ೧,೯೪೫ ರೋಗಿಗಳನ್ನು ಹಿಂಬಾಲಿಸಿ ೨೦೧೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮದ್ಯಸೇವನೆಯು ರೋಗದ ಮಟ್ಟಕ್ಕೇರಿದ್ದವರು ಶಸ್ತ್ರಕ್ರಿಯೆಗೆ ಹಿಂದಿನ ವರ್ಷದಲ್ಲಿ ಶೇಕಡ ೭.೬, ಅನಂತರದ ಮೊದಲ ವರ್ಷದಲ್ಲಿ ೭.೩, ಎರಡನೆಯ ವರ್ಷದಲ್ಲಿ ೯.೬. ಶಸ್ತ್ರಕ್ರಿಯೆಯ ಅನಂತರ ಈ ರೋಗವು ಕಂಡುಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮೊದಲು ಅದು ಇರಲಿಲ್ಲ. ಇದೇ ತಂಡವು ೨೦೧೭ರಲ್ಲಿ ಪ್ರಕಟಿಸಿದ ಮುಂದುವರಿದ ವರದಿಯ ಪ್ರಕಾರ, ಬೈಪಾಸ್ ಆದವರಲ್ಲಿ ಐದು ವರ್ಷಗಳೊಳಗೆ ಹೊಸದಾಗಿ ಮದ್ಯರೋಗದ ಲಕ್ಷಣ ತೋರಿದವರು ಶೇಕಡ ೨೦.೮, ಜಠರಕ್ಕೆ ಬರಿಯ ಪಟ್ಟಿ ಬಿಗಿಸಿಕೊಂಡವರಲ್ಲಿ ೧೧.೩. ಸ್ವೀಡನ್ನಿನಲ್ಲಿ ೧೯೮೦ರಿಂದ ೨೦೦೬ರವರೆಗೆ ಶಸ್ತ್ರಕ್ರಿಯೆಯಾದ ಹನ್ನೊಂದು ಸಾವಿರಕ್ಕೂ ಮಿಕ್ಕ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದವರು ಸಹ, ಮದ್ಯದ ಕಾರಣದಿಂದ ಆಸ್ಪತ್ರೆ ಸೇರುವ ಸಂಭವವು ಬೈಪಾಸ್ ಆದವರಲ್ಲಿ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ೨೦೧೩ರಲ್ಲಿ ವರದಿ ಮಾಡಿದರು.

ಮದ್ಯ ಮಾತ್ರವಲ್ಲ. ಅಫೀಮಿನ ಜಾತಿಗೆ ಸೇರಿದ ನೋವುನಿವಾರಕಗಳನ್ನು ವೈದ್ಯರ ಚೀಟಿಯ ಮೇಲೆ ಸೇವಿಸುತ್ತಿದ್ದವರು ಇದೇ ಅಮೆರಿಕದ ರೋಗಿಗಳಲ್ಲಿ ಶಸ್ತ್ರಕ್ರಿಯೆಗೆ ಮುಂಚೆ ಶೇಕಡ ೧೪.೭ ಇದ್ದು, ಆರು ತಿಂಗಳಲ್ಲಿ ೧೨.೯ಕ್ಕೆ ಇಳಿದು, ಏಳನೆಯ ವರ್ಷಕ್ಕೆ ೨೦.೩ಕ್ಕೆ ಏರಿದರು. ಎರಡು ಎಣಿಕೆಗಳಲ್ಲಿಯೂ ಒಂದೇ ರೇಖೆ ಕಾಣುತ್ತದೆ: ಮೊದಲು ಇಳಿತ, ಅನಂತರ ನಿಧಾನವಾದ ಏರಿಕೆ. ಆಸ್ಪತ್ರೆಯ ನಿಗಾ ಕಡಮೆಯಾಗುವ ಕಾಲದಲ್ಲಿಯೇ ಅಪಾಯವು ತಲೆಯೆತ್ತುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಶರೀರದೊಳಗೆ ನಡೆಯುವುದೇನು? ಸಾಮಾನ್ಯ ಮನುಷ್ಯನಲ್ಲಿ ಕುಡಿದ ಮದ್ಯವು ಜಠರದಲ್ಲಿ ಕೆಲಕಾಲ ತಂಗುತ್ತದೆ. ಅಲ್ಲಿ ಅದರ ಅಲ್ಪಾಂಶವು ಕಿಣ್ವದಿಂದ ನಾಶವಾಗುತ್ತದೆ. ಉಳಿದುದು ಸಣ್ಣಕರುಳಿಗೆ ಮೆಲ್ಲಮೆಲ್ಲನೆ ಇಳಿದು ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಜಠರವು ಒಂದು ಕೆರೆಯಾದರೆ ಅದರ ಕೆಳಬಾಯಿಯು ತೂಬಿದ್ದಂತೆ. ಬೈಪಾಸ್ ಆದವರಲ್ಲಿ ಕೆರೆಯೂ ಇಲ್ಲ, ತೂಬೂ ಇಲ್ಲ. ಗುಟುಕು ನೇರವಾಗಿ ಕರುಳಿಗೆ ಧುಮುಕುತ್ತದೆ. ಪೆಪಿನೊ ಮತ್ತು ಸಂಗಡಿಗರು ೨೦೧೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೈಪಾಸ್ ಆದ ಹೆಂಗಸರಿಗೆ ಎರಡು ಪಾನಗಳ ಪ್ರಮಾಣವನ್ನು ಕೊಟ್ಟರೆ ರಕ್ತದಲ್ಲಿ ಅದು ನಾಲ್ಕು ಪಾನಗಳಷ್ಟು ಎತ್ತರಕ್ಕೆ, ಕೆಲವೇ ನಿಮಿಷಗಳಲ್ಲಿ, ಏರಿತು. ಸ್ಲೀವ್ ಆದವರಲ್ಲಿಯೂ ಇಂಥದೇ ಶೀಘ್ರವಾದ ಏರಿಕೆಯನ್ನು ೨೦೧೮ರಲ್ಲಿ ಕಂಡರು. ಆದರೆ ದೀರ್ಘಕಾಲದ ವ್ಯಸನದ ವಿಷಯದಲ್ಲಿ ಇದುವರೆಗಿನ ಸಾಕ್ಷ್ಯವು ಬೈಪಾಸಿಗೆ ಸಂಬಂಧಿಸಿದಂತೆಯೇ ಹೆಚ್ಚು ದೃಢವಾಗಿದೆ. ಎಷ್ಟು ಶೀಘ್ರವಾಗಿ ಅಮಲು ಏರುತ್ತದೆಯೋ ಅಷ್ಟು ಬಲವಾಗಿ ಮನಸ್ಸು ಅದಕ್ಕೆ ಕಟ್ಟುಬೀಳುತ್ತದೆ ಎಂಬುದು ಮಾದಕ ವಸ್ತುಗಳೆಲ್ಲಕ್ಕೂ ಅನ್ವಯಿಸುವ ಸಾಮಾನ್ಯ ನಿಯಮ.

೩. ಮಂಗಳೂರಿನಲ್ಲಿ ಪಾನದ ಅಳತೆಗಳು

ಈಗ ನಮ್ಮ ಜಿಲ್ಲೆಗೆ ಬರೋಣ. ಶಸ್ತ್ರಕ್ರಿಯೆಯಾದ ರೋಗಿಯು ಮರಳಿ ಹೋಗುವುದು ತನ್ನ ಮನೆಗೆ, ತನ್ನ ಊರಿನ ನೇಮಕ್ಕೆ, ಮದುವೆಗೆ. ಅಲ್ಲಿ ‘ಸ್ವಲ್ಪ’ ಎಂದರೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ವೈದ್ಯಗ್ರಂಥವಲ್ಲ, ಊರಿನ ರೂಢಿ. ಆ ರೂಢಿಯು ಹೇಗೆ ರೂಪುಗೊಂಡಿತೆಂಬುದನ್ನು ತಿಳಿಯದೆ ರೋಗಿಗೆ ಒದಗುವ ಅಪಾಯವು ಅರ್ಥವಾಗದು.

ತುಳುನಾಡಿನಲ್ಲಿ ಬಹುಕಾಲ ಪಾನವೆಂದರೆ ತೆಂಗು ಮತ್ತು ತಾಳೆಮರದ ಕಳ್ಳು. ಮೂರ್ತೆದಾರನು ಮುಂಜಾನೆ ಇಳಿಸಿದ ರಸವು ಸಿಹಿಯಾಗಿರುತ್ತದೆ; ಹೊತ್ತೇರಿದಂತೆ ಹುಳಿಯೇರಿ ಅಮಲು ಬರುತ್ತದೆ. ಅದರಲ್ಲಿ ಮದ್ಯಸಾರವು ಶೇಕಡ ಕೆಲವೇ ಅಂಶ. ದೈವಗಳಿಗೆ ಕಳ್ಳನ್ನು ಎಡೆಯಿಡುವ ಪದ್ಧತಿಯು ಅದಕ್ಕೆ ಒಂದು ಧಾರ್ಮಿಕ ಮರ್ಯಾದೆಯನ್ನೂ ಕಾಲನಿಯಮವನ್ನೂ ಕೊಟ್ಟಿದ್ದಿತು. ೧೭೯೯ರಲ್ಲಿ ಜಿಲ್ಲೆಯು ಇಂಗ್ಲಿಷರ ವಶವಾಗಿ ಮದರಾಸಿನ ಆಡಳಿತಕ್ಕೆ ಸೇರಿದ ಮೇಲೆ ಪಾನವು ಆದಾಯದ ಬಾಬಾಯಿತು. ೧೮೮೬ರ ಮದರಾಸು ಅಬ್ಕಾರಿ ಕಾನೂನಿನ ಕಾಲದಲ್ಲಿ ಕಳ್ಳಿಗೆ ಮರವೊಂದಕ್ಕೆ ಇಂತಿಷ್ಟು ಎಂದೂ, ಭಟ್ಟಿಯಿಳಿಸಿದ ಸಾರಾಯಿಗೆ ಗ್ಯಾಲನ್ನಿಗೆ ಇಂತಿಷ್ಟು ಎಂದೂ ತೆರಿಗೆಯ ಕ್ರಮವು ನೆಲೆಗೊಂಡಿತು. ಸರ್ಕಾರವು ಅಳೆದುದು ಮರವನ್ನು ಮತ್ತು ಪಾತ್ರೆಯನ್ನು, ಕುಡಿಯುವವನನ್ನಲ್ಲ.

ಇನ್ನೊಂದು ಕಡೆ ಧರ್ಮಸುಧಾರಕರು ಬಂದರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕಳ್ಳಿಳಿಸುವ ಕಸುಬಿನಿಂದ ತಮ್ಮ ಸಭೆಗೆ ಸೇರಿದವರಿಗೆ ಬೇರೆ ಜೀವನೋಪಾಯವನ್ನು ಹುಡುಕಬೇಕಾಯಿತು; ನೇಯ್ಗೆಯೂ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯೂ ಇದರ ಹಿನ್ನೆಲೆಯಲ್ಲಿ ಅರ್ಥವಾಗುತ್ತವೆ. ೧೯೧೨ರಲ್ಲಿ ಕುದ್ರೋಳಿಯ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದ ಶ್ರೀ ನಾರಾಯಣಗುರುಗಳು ಮದ್ಯವನ್ನು ತಯಾರಿಸುವುದನ್ನೂ ಮಾರುವುದನ್ನೂ ಕುಡಿಯುವುದನ್ನೂ ಬಿಡಬೇಕೆಂದು ಬೋಧಿಸಿದರು. ಕಳ್ಳಿನ ಕಸುಬನ್ನೇ ಕುಲವೃತ್ತಿಯೆಂದು ಹೊರಿಸಲಾಗಿದ್ದ ಬಿಲ್ಲವ ಸಮಾಜಕ್ಕೆ ಈ ಬೋಧೆಯು ಆತ್ಮಗೌರವದ ಮಾರ್ಗವೂ ಆಗಿದ್ದಿತು. ಗಾಂಧೀಯುಗದಲ್ಲಿ ಕಳ್ಳಿನಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ೧೯೩೭ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭವಾದ ಪಾನನಿರೋಧವು ೧೯೪೮ರ ವೇಳೆಗೆ ಮದರಾಸು ಪ್ರಾಂತವನ್ನೆಲ್ಲ ವ್ಯಾಪಿಸಿತು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ, ೧೯೬೦ರ ದಶಕದಲ್ಲಿ, ನಿರೋಧವನ್ನು ತೆಗೆದುಹಾಕಲಾಯಿತು. ೨೦೦೭ರ ಜುಲೈ ೧ರಿಂದ ರಾಜ್ಯ ಸರ್ಕಾರವು ಸಾರಾಯಿಯನ್ನು ನಿಷೇಧಿಸಿತು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಬಹುಮಂದಿ ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮುಗಳತ್ತ ತಿರುಗಿದರು.

ಈ ಕೊನೆಯ ಸಂಗತಿಯು ನಮ್ಮ ವಿಚಾರಕ್ಕೆ ಮುಖ್ಯವಾದುದು. ಒಂದು ಪಾನವನ್ನು ತಡೆದರೆ ಇನ್ನೊಂದು ಬರುತ್ತದೆಂಬ ಅನುಭವವು ನಮ್ಮ ಜನರಿಗೆ ಅಂಗಡಿಬೀದಿಯಲ್ಲಿಯೇ ಆಗಿದೆ. ಆದುದರಿಂದ ಊಟವನ್ನು ತಡೆದರೆ ಕುಡಿತ ಬರುತ್ತದೆ ಎಂಬ ಮಾತು ಇಲ್ಲಿ ಸುಲಭವಾಗಿ ನಂಬಿಕೆ ಗಳಿಸುತ್ತದೆ. ಆದರೆ ಶರೀರವು ಅಬ್ಕಾರಿ ಇಲಾಖೆಯಲ್ಲ. ಅಂಗಡಿಯ ಬಾಗಿಲು ಮುಚ್ಚಿದಾಗ ಕುಡಿಯುವವನ ಕರುಳು ಬದಲಾಗುವುದಿಲ್ಲ. ಶಸ್ತ್ರಕ್ರಿಯೆಯಲ್ಲಿ ಬದಲಾಗುವುದು ಕರುಳೇ.

ಕಳ್ಳಿನ ಕಾಲದಿಂದ ಬಾಟಲಿಯ ಕಾಲಕ್ಕೆ ಬರುವಷ್ಟರಲ್ಲಿ ಪಾನೀಯದ ಬಲವೂ ಏರಿದ್ದಿತು. ನಮ್ಮ ದೇಶದ ವಿಸ್ಕಿ, ಬ್ರಾಂದಿಗಳಲ್ಲಿ ಮದ್ಯಸಾರವು ಸಾಮಾನ್ಯವಾಗಿ ಶೇಕಡ ೪೨.೮. ಲೆಕ್ಕ ಹಾಕಿದರೆ ೩೦ ಮಿಲಿಲೀಟರಿನಲ್ಲಿ ಸುಮಾರು ೧೦ ಗ್ರಾಂ, ೬೦ ಮಿಲಿಲೀಟರಿನ ಪೆಗ್ಗಿನಲ್ಲಿ ಸುಮಾರು ೨೦ ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಶೇಕಡ ೮ರ ಬಲದ ೬೫೦ ಮಿಲಿಲೀಟರ್ ಬಿಯರ್ ಬಾಟಲಿಯಲ್ಲಿ ಅದು ಸುಮಾರು ೪೧ ಗ್ರಾಂ. ನೇಮದ ರಾತ್ರಿಯಲ್ಲಿಯೂ, ಕ್ರೈಸ್ತ ಮದುವೆಗಳಲ್ಲಿ ಶುಭಕೋರಿ ಎತ್ತುವ ಪಾನಪಾತ್ರೆಯಲ್ಲಿಯೂ, ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಕೂಟಗಳಲ್ಲಿಯೂ ‘ಒಂದೆರಡು’ ಎಂಬುದು ಮಿತಪಾನವೆನಿಸಿಕೊಳ್ಳುತ್ತದೆ. ಬೈಪಾಸ್ ಆದವನಿಗೆ ಅದೇ ಒಂದೆರಡು ಎರಡು ಮೂರಲ್ಲ, ನಾಲ್ಕಾಗುತ್ತದೆ. ವಾಹನ ನಡೆಸುವವನ ರಕ್ತದಲ್ಲಿ ೧೦೦ ಮಿಲಿಲೀಟರಿಗೆ ೩೦ ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ನಮ್ಮ ಕಾನೂನಿನ ಪ್ರಕಾರ ಅಪರಾಧ. ಕಾನೂನು ಅಳೆಯುವುದು ಲೋಟವನ್ನಲ್ಲ, ರಕ್ತವನ್ನು. ಇತರರೊಡನೆ ಸಮಸಮವಾಗಿ ಕುಡಿದು ಇತರರಂತೆಯೇ ತಾನೂ ಸ್ವಸ್ಥನೆಂದು ನಂಬಿ ಸ್ಕೂಟರ್ ಹತ್ತುವ ರೋಗಿಯು, ತನ್ನ ಲೆಕ್ಕದಲ್ಲಿ ತಪ್ಪಿಲ್ಲದೆಯೇ, ಮೃತ್ಯುವಿನ ದಾರಿಯಲ್ಲಿರುತ್ತಾನೆ.

೪. ವ್ಯಸನಾಂತರವಾದದ ಪರೀಕ್ಷೆ

ಮೇಲಿನ ಸಾಕ್ಷ್ಯಗಳ ಆಧಾರದಿಂದ ವ್ಯಸನಾಂತರವಾದವನ್ನು ಪರೀಕ್ಷಿಸೋಣ. ತಿನಿಸಿನ ಸುಖ ಕಳೆದುದೇ ಕಾರಣವಾಗಿದ್ದರೆ, ಮೊದಲನೆಯದಾಗಿ, ಹೊಸ ವ್ಯಸನವು ಸುಖ ತಪ್ಪಿದ ಆರಂಭದ ತಿಂಗಳುಗಳಲ್ಲಿಯೇ ಕಾಣಿಸಿಕೊಳ್ಳಬೇಕಾಗಿದ್ದಿತು. ಎಣಿಕೆಗಳು ಹೇಳುವುದು ಬೇರೆ: ಮೊದಲ ವರ್ಷ ಏರಿಕೆಯೇ ಇಲ್ಲ. ಆ ವರ್ಷ ರೋಗಿಗಳು ವೈದ್ಯರ ಸಲಹೆಯಂತೆ ಮದ್ಯದಿಂದ ದೂರವಿರುವುದರಿಂದ ಹೀಗಾಗಿರಬಹುದೆಂಬ ಉತ್ತರವಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಎರಡನೆಯದಾಗಿ, ಪಟ್ಟಿ ಬಿಗಿಸಿಕೊಂಡವರ ಊಟಕ್ಕೂ ತಡೆ ಬಿದ್ದಿರುತ್ತದೆ. ಆದರೂ ಅವರಲ್ಲಿ ಮದ್ಯರೋಗದ ಪ್ರಮಾಣವು ಬೈಪಾಸ್ ಆದವರ ಅರ್ಧದಷ್ಟು ಮಾತ್ರ. ಪಟ್ಟಿಯವರ ಭಾರ ಕಡಮೆ ಇಳಿಯುವುದರಿಂದ ಹೋಲಿಕೆಯು ಸರ್ವಸಮವಲ್ಲವೆಂಬ ಆಕ್ಷೇಪವೂ ಯುಕ್ತವೇ. ಹೀಗಿದ್ದರೂ ಕರುಳಿನ ಮಾರ್ಗ ಬದಲಾದವರಲ್ಲಿ ಅಪಾಯವು ಹೆಚ್ಚೆಂಬುದು ಬೇರೆ ಬೇರೆ ದೇಶಗಳ ದಾಖಲೆಗಳಲ್ಲಿ ಒಂದೇ ರೀತಿಯಾಗಿ ಕಂಡುಬಂದಿದೆ.

ಮೂರನೆಯ ಸಾಕ್ಷ್ಯವು ಮೂಕಪ್ರಾಣಿಗಳದು. ಅಮೆರಿಕದಲ್ಲಿ ೨೦೧೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ಥೂಲವಾಗಿ ಬೆಳೆಸಿದ ಇಲಿಗಳಿಗೆ ಬೈಪಾಸ್ ಮಾಡಿ, ಸನ್ನೆ ಒತ್ತಿದರೆ ಮದ್ಯಸಾರವು ನೇರವಾಗಿ ರಕ್ತನಾಳಕ್ಕೆ ಇಳಿಯುವಂತೆ ಏರ್ಪಡಿಸಿದ್ದರು. ಶಸ್ತ್ರಕ್ರಿಯೆಯಾದ ಇಲಿಗಳು ಉಳಿದುವುಗಳಿಗಿಂತ ಅದಕ್ಕಾಗಿ ಹೆಚ್ಚು ಶ್ರಮಪಟ್ಟುವು. ಇದರಿಂದ ಎರಡು ನಿರ್ಣಯಗಳು ದೊರೆಯುತ್ತವೆ. ಬಾಲ್ಯದ ದುಃಖ, ದಾಂಪತ್ಯದ ಕಲಹ, ಕನ್ನಡಿಯ ಮುಂದಿನ ಸಂಕೋಚ ಇವೊಂದೂ ಇಲ್ಲದ ಪ್ರಾಣಿಯಲ್ಲಿಯೂ ಈ ಬದಲಾವಣೆ ಉಂಟು. ಅಲ್ಲದೆ ಹೊಟ್ಟೆಯನ್ನೇ ತಪ್ಪಿಸಿ ಕೊಟ್ಟಾಗಲೂ ಅದು ಕಾಣುವುದರಿಂದ, ಶೀಘ್ರವಾದ ಹೀರಿಕೆಯೊಂದೇ ಕಾರಣವಲ್ಲ. ಕರುಳಿನಿಂದ ಮಿದುಳಿಗೆ ಹೋಗುವ ಹಸಿವು ತೃಪ್ತಿಗಳ ಸಂಕೇತಗಳೂ ಬದಲಾಗಿರಬೇಕು.

ಹಾಗೆಂದು ಮನಸ್ಸಿಗೂ ಸಮಾಜಕ್ಕೂ ಪಾತ್ರವೇ ಇಲ್ಲವೆಂದು ನಾವು ಹೇಳುವುದಿಲ್ಲ. ೨೦೧೨ರ ಅಧ್ಯಯನವು ಅಪಾಯ ಹೆಚ್ಚಿರುವವರನ್ನು ಹೀಗೆ ಗುರುತಿಸಿತು: ಗಂಡಸರು, ಕಿರಿವಯಸ್ಸಿನವರು, ಧೂಮಪಾನಿಗಳು, ಮೊದಲೇ ಕ್ರಮವಾಗಿ ಕುಡಿಯುತ್ತಿದ್ದವರು, ಬೇರೆ ಮಾದಕ ವಸ್ತು ಸೇವಿಸುತ್ತಿದ್ದವರು; ಕೊನೆಯದಾಗಿ, ತಮ್ಮವರೆಂಬ ಬಳಗ ತಮಗಿಲ್ಲವೆಂದು ಭಾವಿಸುವವರು. ಸಂಗಡಿಗರಿಲ್ಲದವನಿಗೆ ಸೀಸೆಯೇ ಸಂಗಡಿಗನಾಗುತ್ತದೆಂಬುದು ಹೊಸ ಮಾತಲ್ಲ. ಆದರೆ ಈ ಕಾರಣಗಳು ವರ್ತಿಸುವುದು ಬದಲಾದ ಶರೀರದಲ್ಲಿ ಎಂಬುದೇ ಮುಖ್ಯಾಂಶ.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಪಾನವನ್ನು ನೋಡಿದ ಮೂರು ದೃಷ್ಟಿಗಳುಂಟು: ಅದು ಸರ್ಕಾರಕ್ಕೆ ಆದಾಯ, ಸುಧಾರಕನಿಗೆ ದೋಷ, ವೈದ್ಯನಿಗೆ ರೋಗ. ಮೊದಲನೆಯದು ಪಾತ್ರೆಯನ್ನು ಅಳೆಯಿತು. ಎರಡನೆಯದು ಸಂಕಲ್ಪವನ್ನು ಅಳೆಯಿತು. ಮೂರನೆಯದು ಕುಡಿದ ಗ್ರಾಂಗಳನ್ನು ಎಣಿಸಿತು. ಒಂದೇ ಪ್ರಮಾಣವು ಒಬ್ಬನೇ ಮನುಷ್ಯನಲ್ಲಿ, ನಿನ್ನೆ ಒಂದಾಗಿ ಇಂದು ಎರಡಾಗಬಹುದೆಂದು ಈ ಮೂರರಲ್ಲಿ ಯಾವುದೂ ಎಣಿಸಿರಲಿಲ್ಲ. ಶಸ್ತ್ರಕ್ರಿಯೆಯಾದ ರೋಗಿಯು ಈ ಮೂರು ಅಳತೆಗೋಲುಗಳಿಂದಲೂ ತಪ್ಪಿಸಿಕೊಂಡ ಹೊಸ ಮನುಷ್ಯ. ಅವನನ್ನು ಹಳೆಯ ಅಳತೆಯಿಂದಲೇ ತೂಗಿ ‘ಅಷ್ಟು ಹಣ ಖರ್ಚು ಮಾಡಿ ತೆಳ್ಳಗಾದ, ಈಗ ಕುಡಿದು ಹಾಳಾದ’ ಎಂದು ನಿಂದಿಸುವುದು ಸುಲಭ. ಆದರೆ ಅದು ಸತ್ಯವಲ್ಲ.

೫. ಮಾಡತಕ್ಕ ಕಾರ್ಯ

ಮಂಗಳೂರು ಚಿಕಿತ್ಸೆಯ ಊರಾಗಿ ಬೆಳೆದುದು ಒಂದೆರಡು ದಿನಗಳಲ್ಲಲ್ಲ. ೧೮೪೮ರಲ್ಲಿ ಸ್ಥಾಪಿತವಾಗಿ ಮುಂದೆ ವೆನ್‌ಲಾಕ್ ಎಂಬ ಹೆಸರು ಪಡೆದ ಸರ್ಕಾರಿ ಆಸ್ಪತ್ರೆ, ೧೮೮೦ರಲ್ಲಿ ಕಂಕನಾಡಿಯಲ್ಲಿ ಆಗಸ್ಟಸ್ ಮುಲ್ಲರ್ ಪಾದ್ರಿಗಳು ಬಡವರಿಗಾಗಿ ತೆರೆದ ಔಷಧಾಲಯ, ೧೯೫೫ರಲ್ಲಿ ಇಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇವು ಆ ಬೆಳವಣಿಗೆಯ ಘಟ್ಟಗಳು. ಉಡುಪಿ, ಕೊಡಗು, ಕಾಸರಗೋಡುಗಳಿಂದಲೂ ಕೊಲ್ಲಿ ದೇಶಗಳಿಂದ ರಜೆಯಲ್ಲಿ ಬಂದವರಿಂದಲೂ ಇಲ್ಲಿನ ಆಸ್ಪತ್ರೆಗಳು ತುಂಬಿರುತ್ತವೆ. ಇದೇ ಒಂದು ತೊಡಕು ಕೂಡ. ಶಸ್ತ್ರಕ್ರಿಯೆ ಮುಗಿಸಿಕೊಂಡು ಗ್ರಾಮಕ್ಕೋ ಗಡಿಯಾಚೆಗೋ ಕಡಲಾಚೆಗೋ ಹೋದವನು, ಅಪಾಯವು ಏರತೊಡಗುವ ಎರಡನೆಯ, ಮೂರನೆಯ ವರ್ಷದಲ್ಲಿ ಯಾವ ವೈದ್ಯನ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದ ನಿಗಾವು ಕನಿಷ್ಠ ಐದು ವರ್ಷಗಳಾದರೂ ಇರಬೇಕು. ಕಾಗದದಿಂದಲೋ ದೂರವಾಣಿಯಿಂದಲೋ ಅದು ಅಸಾಧ್ಯವಲ್ಲ.

ಶಸ್ತ್ರಕ್ರಿಯೆಗೆ ಮುಂಚೆಯೇ ರೋಗಿಗೂ ಮನೆಯವರಿಗೂ ಮದ್ಯದ ವಿಷಯವನ್ನು ಬಿಚ್ಚಿ ಹೇಳಬೇಕು. ಹೆಂಗಸರನ್ನು ಈ ಪ್ರಶ್ನೆ ಕೇಳುವುದು ಅವಮಾನವೆಂದು ನಮ್ಮಲ್ಲಿ ಭಾವಿಸುವುದುಂಟು. ಅಂಥ ಸಂಕೋಚದಿಂದ ಮೌನವಾಗಿರುವ ರೋಗಿಣಿಗೇ ಹಾನಿ ಹೆಚ್ಚು. ಎಲೆಅಡಕೆಯೊಡನೆ ಹೊಗೆಸೊಪ್ಪು ಹಾಕುವ ಅಭ್ಯಾಸವನ್ನೂ, ಬೀಡಿ ಸಿಗರೇಟುಗಳನ್ನೂ, ನೋವಿನ ಗುಳಿಗೆಗಳನ್ನೂ ಕೇಳಿ ಬರೆದುಕೊಳ್ಳಬೇಕು. ಶಸ್ತ್ರಕ್ರಿಯೆಯಾದವರಲ್ಲಿ ಥಯಾಮಿನ್ ಎಂಬ ಜೀವಸತ್ತ್ವದ ಕೊರತೆ ಉಂಟಾಗಬಹುದು; ಕುಡಿತವೂ ಅದನ್ನೇ ಕುಗ್ಗಿಸುತ್ತದೆ. ಎರಡೂ ಸೇರಿದರೆ ಮಿದುಳಿಗೇ ಸ್ಥಾಯಿಯಾದ ಹಾನಿಯಾಗಬಹುದೆಂಬುದನ್ನೂ ತಿಳಿಸಬೇಕು.

ಈಗಾಗಲೇ ವ್ಯಸನಕ್ಕೆ ಸಿಕ್ಕಿದವರಿಗೆ ಈ ಜಿಲ್ಲೆಯಲ್ಲಿ ಆಶ್ರಯವಿಲ್ಲದಿಲ್ಲ. ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಕುಡಿಯುವವನನ್ನು ಅವನ ಕುಟುಂಬದೊಡನೆ, ನೆರೆಹೊರೆಯೊಡನೆ ಮತ್ತೆ ಕೂಡಿಸುತ್ತವೆ. ತಮ್ಮವರೆಂಬ ಭಾವದ ಕೊರತೆಯೇ ಅಪಾಯದ ಒಂದು ಮೂಲವಾಗಿರುವಾಗ ಈ ಕ್ರಮದ ಬೆಲೆಯನ್ನು ಒಪ್ಪಲೇಬೇಕು. ಆದರೆ ಶಿಬಿರಕ್ಕೆ ಬಂದವನಿಗೆ ಜಠರದ ಶಸ್ತ್ರಕ್ರಿಯೆಯಾಗಿದೆಯೇ ಎಂಬ ಒಂದು ಪ್ರಶ್ನೆಯನ್ನು ಅಲ್ಲಿ ಕೇಳುವುದು ಅವಶ್ಯಕ. ‘ಕಡಮೆ ಮಾಡು’ ಎಂಬ ಸಲಹೆಯು ಇತರರಿಗೆ ಒಂದು ಮೆಟ್ಟಿಲಾಗಬಹುದು. ಇವನಿಗೆ ಅದು ಜಾರುಬಂಡೆ.

ಕೊನೆಯದಾಗಿ, ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಅಬ್ಕಾರಿ ಕಾಗದಪತ್ರಗಳಲ್ಲಿ ಎಷ್ಟು ಮರ, ಎಷ್ಟು ಗ್ಯಾಲನ್, ಎಷ್ಟು ರೂಪಾಯಿ ಎಂಬುದು ಸಿಗುತ್ತದೆ. ಕುಡಿದವನ ಶರೀರ ಸಿಗುವುದಿಲ್ಲ. ಹುಣ್ಣಿನ ಶಸ್ತ್ರಕ್ರಿಯೆಯಾಗಿ ಐವತ್ತು ಅರುವತ್ತು ವರ್ಷ ಬದುಕಿದ ವೃದ್ಧರು ನಮ್ಮ ಊರುಗಳಲ್ಲಿ ಇನ್ನೂ ಇರಬಹುದು. ಶಸ್ತ್ರಕ್ರಿಯೆಯ ಅನಂತರ ಕಳ್ಳಿನ ಒಂದು ಕುಡಿಕೆ ಅವರಿಗೆ ಹೇಗೆ ಏರುತ್ತಿದ್ದಿತು, ಅವರು ಅದನ್ನು ಹೇಗೆ ಅರಿತುಕೊಂಡರು, ಬಿಟ್ಟರೆ ಹೇಗೆ ಬಿಟ್ಟರು ಎಂಬುದನ್ನು ಅವರ ಒಪ್ಪಿಗೆ ಪಡೆದು, ಹೆಸರನ್ನು ಮರೆಮಾಡಿ ಬರೆದಿಟ್ಟರೆ, ಅದು ಚರಿತ್ರೆಗೂ ಚಿಕಿತ್ಸೆಗೂ ಸಲ್ಲುವ ಸಾಮಗ್ರಿಯಾಗುತ್ತದೆ. ೧೯೬೦ರ ದಶಕದಲ್ಲಿ ವೈದ್ಯರು ಕಂಡು ಮರೆತ ಸಂಗತಿಯನ್ನು ಮತ್ತೆ ಕಂಡುಕೊಳ್ಳಲು ನಲವತ್ತು ವರ್ಷಗಳು ಬೇಕಾದುವು. ಆ ಅವಧಿಯಲ್ಲಿ ಎಚ್ಚರಿಕೆಯ ಮಾತನ್ನು ಕೇಳದೆಯೇ ಶಸ್ತ್ರಕ್ರಿಯೆಯ ಮೇಜನ್ನು ಏರಿದವರು ಅನೇಕರು. ಇನ್ನು ಮುಂದೆ ಏರುವವರಿಗಾದರೂ ಆ ಮಾತು ಮೊದಲೇ ತಲುಪಬೇಕು.